ಒಂದು ಹಾಡು, ಹಲವು ಟೇಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಮೈಕ್ ಮುಂದೆ ನಿಂತು ಹಾಡು ರೆಕಾರ್ಡ್ ಮಾಡುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟೇಕ್‌ಗಳದ್ದೇ, ಅಂದರೆ ಒಂದೊಂದು ಸಲ ಹಾಡಿದ ರೆಕಾರ್ಡಿಂಗ್‌ಗಳದ್ದೇ. ಒಂದೇ ಹಾಡನ್ನು ಹಲವು ಸಲ ಹಾಡುವುದು ಸುಲಭ. ಹಾಡಿದ್ದನ್ನೆಲ್ಲ ಕಳೆದುಕೊಳ್ಳದೆ ಜೋಡಿಸಿಟ್ಟು, ಅದರಿಂದ ಒಂದು ಒಳ್ಳೆಯ ಟ್ರ್ಯಾಕ್ ಕಟ್ಟುವಲ್ಲಿಯೇ ಎಲ್ಲರೂ ತಡವರಿಸುತ್ತಾರೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಎರಡನೇ ಸಲ ರೆಕಾರ್ಡ್ ಒತ್ತಿದರೆ ಹೊಸ ಟೇಕ್ ಹಳೆಯದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಒಂದರ ಕೆಳಗೊಂದು ಬರಬೇಕಾದರೆ ಏನು ಮಾಡಬೇಕು? ನಡುವಿನ ಒಂದು ಸಾಲನ್ನು ಮಾತ್ರ ಮತ್ತೆ ಹಾಡಬಹುದೇ?

ಉತ್ತರ: ಬರೀ ಆರ್ ಕೀಲಿ ಒತ್ತಿದರೆ ಆಡಾಸಿಟಿ ಇದ್ದ ಟ್ರ್ಯಾಕನ್ನೇ ಮುಂದುವರಿಸುತ್ತದೆ. ಶಿಫ್ಟ್ ಹಿಡಿದು ಆರ್ ಒತ್ತಿ, ಹೊಸ ಟ್ರ್ಯಾಕ್ ತೆರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಹೋಮ್ ಕೀಲಿ ಒತ್ತಿ ಕರ್ಸರನ್ನು ಶುರುವಿಗೆ ತನ್ನಿ. ಇಲ್ಲದಿದ್ದರೆ ಕರ್ಸರ್ ಎಲ್ಲಿತ್ತೋ ಅಲ್ಲಿಂದಲೇ ರೆಕಾರ್ಡಿಂಗ್ ಹೊರಡುತ್ತದೆ. ಹಿಂದಿನ ಟೇಕ್‌ಗಳನ್ನೆಲ್ಲ ಮ್ಯೂಟ್ ಮಾಡುವುದನ್ನು ಮರೆಯಬೇಡಿ. ಹೆಡ್‌ಫೋನಿನಲ್ಲಿ ನಿಮ್ಮದೇ ಮೂರು ದನಿ ಕೇಳುತ್ತಿದ್ದರೆ ಶ್ರುತಿ ಹಿಡಿಯುವುದು ಯಾರಿಗೂ ಕಷ್ಟ. ಜೊತೆಗೆ ಪ್ರತಿ ಟ್ರ್ಯಾಕಿಗೂ ಆಗಿಂದಾಗಲೇ ಹೆಸರು ಕೊಡಿ: ‘ಚರಣ1 ಟೇಕ್3’ ಅಂದರೆ ಸಾಕು.

ಒಂದು ಸಾಲನ್ನು ಮತ್ತೆ ಹಾಡಲು ಹಲವರು ಶಿಫ್ಟ್ ಮತ್ತು ಡಿ ಒತ್ತಿ ‘ಪಂಚ್ ಅಂಡ್ ರೋಲ್’ ಬಳಸುತ್ತಾರೆ. ಅದು ಕರ್ಸರಿಗಿಂತ 5 ಸೆಕೆಂಡ್ ಹಿಂದಿನಿಂದ ನುಡಿಸಿ, ಕರ್ಸರ್ ಬಂದ ಕೂಡಲೇ ರೆಕಾರ್ಡ್ ಶುರು ಮಾಡುತ್ತದೆ. ಆದರೆ ಕರ್ಸರ್‌ನಿಂದ ಮುಂದಿದ್ದ ಹಳೆಯ ಭಾಗ ಆ ಕ್ಲಿಪ್‌ನಲ್ಲಿ ಉಳಿಯುವುದಿಲ್ಲ. ಪುಸ್ತಕ ಓದಿ ರೆಕಾರ್ಡ್ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದು, ಹಾಡಿನ ನಡುವಿನ ಸಾಲಿಗಲ್ಲ. ನಿಮಗೆ ಸುರಕ್ಷಿತ ದಾರಿ ಎಂದರೆ ಹೊಸ ಟ್ರ್ಯಾಕ್. ಬೇಕಾದ ಸಾಲಿಗಿಂತ ಎರಡು ಸಾಲು ಹಿಂದೆ ಕರ್ಸರ್ ಇಟ್ಟು, ಶಿಫ್ಟ್ ಆರ್ ಒತ್ತಿ, ಆ ಎರಡು ಸಾಲುಗಳನ್ನೂ ಹಾಡಿಕೊಂಡೇ ಬನ್ನಿ. ಹಾಗೆ ಬಂದರೆ ದನಿಯ ಬಿಸಿ, ಉಸಿರು, ಲಯ ಮೂರೂ ಹಳೆಯ ಟೇಕಿಗೆ ಹೊಂದುತ್ತವೆ. ಬೇಕಾದ ಸಾಲಿನಿಂದಲೇ ತಟ್ಟನೆ ಶುರು ಮಾಡಿದರೆ ಮೊದಲ ಪದ ಯಾವಾಗಲೂ ಬೇರೆಯಾಗಿ ಕೇಳುತ್ತದೆ.

ಬೇಡದ ಭಾಗ ತೆಗೆಯುವಾಗ ಇನ್ನೊಂದು ಎಚ್ಚರಿಕೆ. ಡಿಲೀಟ್ ಒತ್ತಿದರೆ ಅದರ ಮುಂದಿನ ಭಾಗ ಎಡಕ್ಕೆ ಸರಿದು ತಾಳ ಕೆಡಬಹುದು. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಆ ಜಾಗ ಮೌನವಾಗುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ರೀಪರ್ ಸಾಫ್ಟ್‌ವೇರಿನಲ್ಲಿ ಒಂದೇ ಭಾಗ ಸುತ್ತುತ್ತಿರುವಂತೆ ಲೂಪ್ ಹಾಕಿ ಆರು ಸಲ ಹಾಡಿದೆ. ಕೊನೆಯದು ಮಾತ್ರ ಕಾಣಿಸುತ್ತಿದೆ. ಉಳಿದ ಐದು ಅಳಿಸಿಹೋದವೇ?

ಉತ್ತರ: ಇಲ್ಲ, ಆರೂ ಅಲ್ಲೇ ಇವೆ. ಅವು ಟ್ರ್ಯಾಕಿನ ಮೇಲೆ ಕಾಣುವ ಒಂದೇ ತುಂಡಿನ (ಐಟಮ್‌ನ) ಒಳಗೆ ಟೇಕ್‌ಗಳಾಗಿ ಕೂತಿರುತ್ತವೆ. ಐಟಮನ್ನು ಆರಿಸಿ ಟಿ ಒತ್ತುತ್ತ ಹೋದರೆ ಒಂದೊಂದೇ ಟೇಕ್ ಮುಂದಕ್ಕೆ ಬರುತ್ತದೆ. ಶಿಫ್ಟ್ ಟಿ ಒತ್ತಿದರೆ ಹಿಂದಕ್ಕೆ. ಎಲ್ಲವನ್ನೂ ಒಟ್ಟಿಗೆ ನೋಡಬೇಕಾದರೆ ಕಂಟ್ರೋಲ್ ಎಲ್ ಒತ್ತಿ, ಟ್ರ್ಯಾಕಿನ ಎತ್ತರ ಹೆಚ್ಚಿಸಿ. ಟ್ರ್ಯಾಕ್ ತೆಳ್ಳಗಿದ್ದರೆ ಸಾಲುಗಳು ಬಿಡಿಸಿ ಕಾಣುವುದೇ ಇಲ್ಲ.

ಜೋಡಿಸುವ ಹಳೆಯ ವಿಧಾನ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ: ಬೇಕಾದ ಕಡೆ ಎಸ್ ಒತ್ತಿ ತುಂಡು ಮಾಡಿ. ತುಂಡು ಬೀಳುವುದು ಆರೂ ಟೇಕಿಗೆ ಒಟ್ಟಿಗೆ. ಆಮೇಲೆ ಪ್ರತಿ ತುಂಡಿನಲ್ಲೂ ನಿಮಗೆ ಬೇಕಾದ ಟೇಕಿನ ಮೇಲೆ ಕ್ಲಿಕ್ ಮಾಡಿ. 2023ರ ಅಕ್ಟೋಬರಿನಲ್ಲಿ ಬಂದ 7ನೇ ಆವೃತ್ತಿಯಿಂದ ಟ್ರ್ಯಾಕಿಗೇ ಲೇನ್‌ಗಳು, ಅಂದರೆ ಟೇಕ್‌ಗಳ ಬೇರೆ ಬೇರೆ ಸಾಲುಗಳು, ಬಂದಿವೆ, ಇಷ್ಟವಾದ ಭಾಗವನ್ನು ಎಳೆದು ಆರಿಸಬಹುದು. ಲಾಜಿಕ್‌ನಲ್ಲಿ ಸೈಕಲ್ (ಲೂಪಿಗೆ ಅಲ್ಲಿನ ಹೆಸರು) ಹಾಕಿ ಹಾಡಿದರೆ ತಾನಾಗಿಯೇ ಟೇಕ್ ಫೋಲ್ಡರ್ ಆಗುತ್ತದೆ, ಅದನ್ನು ತೆರೆದು ಬೇಕಾದ ಟೇಕಿನ ಮೇಲೆ ಮೌಸ್ ಎಳೆದರೆ ಆ ಭಾಗ ಆಯ್ಕೆಯಾಗುತ್ತದೆ. ಏಬಲ್‌ಟನ್ ಲೈವ್‌ಗೆ ಈ ಸೌಲಭ್ಯ ಬಂದದ್ದು 2021ರಲ್ಲಿ, 11ನೇ ಆವೃತ್ತಿಯಿಂದ. ಪ್ರೊ ಟೂಲ್ಸ್ ಮತ್ತು ಆರ್ಡರ್ (Ardour) ಸಾಫ್ಟ್‌ವೇರ್‌ಗಳಲ್ಲಿ ಇದೇ ಕೆಲಸವನ್ನು ‘ಪ್ಲೇಲಿಸ್ಟ್’ ಮಾಡುತ್ತದೆ. ಹೆಸರು ಬೇರೆ ಬೇರೆ, ಕೆಲಸ ಒಂದೇ. ಇರುವ ಸಾಫ್ಟ್‌ವೇರ್ ಬಿಟ್ಟು ಬೇರೆಯದಕ್ಕೆ ಹೋಗುವಷ್ಟು ದೊಡ್ಡ ವ್ಯತ್ಯಾಸ ಇದರಲ್ಲಿಲ್ಲ.

ಲೂಪಿನ ಗಡಿ ಹಾಕುವಾಗ ಮಾತ್ರ ಕೈ ಬಿಚ್ಚಿ ಜಾಗ ಕೊಡಿ. ಹಾಡುವ ಸಾಲಿಗೆ ಸರಿಯಾಗಿ ಅಳೆದು ಲೂಪ್ ಹಾಕಿದರೆ ಮೊದಲ ಪದದ ಮುಂಚಿನ ಉಸಿರು ಹಿಂದಿನ ಟೇಕಿನ ಬಾಲಕ್ಕೆ ಸೇರಿ ಹರಿದುಹೋಗುತ್ತದೆ, ಕೊನೆಯ ದೀರ್ಘ ಸ್ವರವೂ ಅರ್ಧಕ್ಕೇ ತುಂಡಾಗುತ್ತದೆ. ಸಾಲಿಗಿಂತ ಎರಡು ಆವರ್ತ ಮೊದಲು ಶುರುವಾಗಿ, ಮುಗಿದ ಮೇಲೆ ಒಂದು ಆವರ್ತ ಖಾಲಿ ಉಳಿಯುವಂತೆ ಹಾಕಿ. ಲೂಪಿನಲ್ಲಿ ಆರೇಳು ಸುತ್ತಿಗಿಂತ ಹೆಚ್ಚು ಹಾಡಬೇಡಿ. ನಿಲ್ಲಿಸದೆ ಸುತ್ತುತ್ತಿದ್ದರೆ ಹಾಡುಗಾರರು ಯೋಚಿಸುವುದನ್ನು ಬಿಟ್ಟು ಹಿಂದಿನ ತಪ್ಪನ್ನೇ ಉರು ಹೊಡೆಯಲು ಶುರು ಮಾಡುತ್ತಾರೆ.

ಪ್ರಶ್ನೆ: ಒಂದು ಹಾಡಿಗೆ ಎಷ್ಟು ಟೇಕ್ ಬೇಕು? ನನ್ನ ಬಳಿ 24 ಇವೆ. ಕೇಳುತ್ತ ಹೋದರೆ ಎಲ್ಲವೂ ಒಂದೇ ಥರ ಅನ್ನಿಸಿ ತಲೆ ಕೆಡುತ್ತದೆ.

ಉತ್ತರ: ಇಪ್ಪತ್ನಾಲ್ಕು ಟೇಕ್ ಇರುವುದಕ್ಕಿಂತ, ಅವುಗಳಲ್ಲಿ ಒಂದಕ್ಕೂ ಗುರುತು ಇಲ್ಲದಿರುವುದು ದೊಡ್ಡ ಸಮಸ್ಯೆ. ಟೇಕ್‌ಗಳ ನಿರ್ವಹಣೆ ಎಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಕಾಗದದ ಕೆಲಸ, ಮತ್ತು ಅದನ್ನು ಹಾಡುತ್ತಿರುವಾಗಲೇ ಮಾಡಬೇಕು.

ಸಾಹಿತ್ಯವನ್ನು ಒಂದು ಸಾಲಿಗೆ ಒಂದರಂತೆ, ಬಲಗಡೆ ಅಗಲವಾದ ಜಾಗ ಬಿಟ್ಟು ಮುದ್ರಿಸಿಕೊಳ್ಳಿ. ಬಲಕ್ಕೆ ಟೇಕ್ 1, 2, 3 ಎಂದು ಕಂಬಗಳನ್ನು ಎಳೆಯಿರಿ. ಪ್ರತಿ ಟೇಕ್ ಮುಗಿದ ಕೂಡಲೇ, ಇನ್ನೂ ಕಿವಿಯಲ್ಲಿ ಇರುವಾಗಲೇ, ಚೆನ್ನಾಗಿ ಬಂದ ಸಾಲಿಗೆ ಒಂದು ಗೀಟು, ಬಹಳ ಚೆನ್ನಾಗಿ ಬಂದದ್ದಕ್ಕೆ ಎರಡು, ಕೆಟ್ಟದ್ದಕ್ಕೆ ಅಡ್ಡಗೆರೆ. ಮಿಕ್ಕದ್ದು ಖಾಲಿ. ಇನ್ನೊಬ್ಬರು ಜೊತೆಗಿದ್ದರೆ ಅವರು ಗುರುತು ಹಾಕಲಿ. ಒಬ್ಬರೇ ಇದ್ದರೆ ಟೇಕ್ ನಡುವೆ ಅರ್ಧ ನಿಮಿಷ ಇದಕ್ಕೇ ಕೊಡಿ. ಪ್ರತಿ ಸಾಲಿಗೂ ಎರಡು ಗೀಟು ಕನಿಷ್ಠ ಒಂದು ಕಡೆ, ಒಂದು ಗೀಟು ಇನ್ನೊಂದು ಕಡೆ ಬಿದ್ದ ಮೇಲೆ ಹಾಡುವುದನ್ನು ನಿಲ್ಲಿಸಿ. ಸಿದ್ಧತೆ ಮಾಡಿಕೊಂಡು ಬಂದವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಪೂರ್ತಿ ಟೇಕ್, ಅದರ ಮೇಲೆ ಒಂದೆರಡು ಸಾಲುಗಳ ತೇಪೆ ಸಾಕಾಗುತ್ತದೆ.

ಒಂದೇ ಸಾಲು ಹತ್ತು ಸಲಕ್ಕೂ ಬರಲಿಲ್ಲ ಎಂದರೆ ಹನ್ನೊಂದನೆಯ ಸಲಕ್ಕೂ ಬರುವುದು ಅನುಮಾನ. ಕಾರಣ ಬೇರೆ ಕಡೆ ಹುಡುಕಿ. ಶ್ರುತಿ ನಿಮ್ಮ ದನಿಗೆ ಒಂದು ಮನೆ ಎತ್ತರವಾಗಿರಬಹುದು. ಉಸಿರು ತೆಗೆಯುವ ಜಾಗ ತಪ್ಪಿರಬಹುದು. ಹೆಡ್‌ಫೋನಿನ ಮಿಶ್ರಣ ಕೆಟ್ಟಿರಬಹುದು: ನಿಮ್ಮ ದನಿಯೇ ಜೋರಾಗಿ ಕೇಳುತ್ತಿದ್ದರೆ ನೀವು ತಿಳಿಯದೆ ಮೆತ್ತಗೆ ಹಾಡುತ್ತೀರಿ, ಶ್ರುತಿ ಇಳಿಯುತ್ತದೆ. ದನಿ ಕೇಳದಿದ್ದರೆ ಕಿರುಚಿ ಏರಿಸುತ್ತೀರಿ. ಹಿನ್ನೆಲೆಯಲ್ಲಿ ಡ್ರಮ್ ಮತ್ತು ಬಾಸ್ ಮಾತ್ರ ಇದ್ದರೆ ಶ್ರುತಿಗೆ ಆಧಾರವೇ ಇರುವುದಿಲ್ಲ, ಒಂದು ಕೀಬೋರ್ಡ್ ಅಥವಾ ತಂಬೂರಿಯ ಟ್ರ್ಯಾಕನ್ನು ಹಾಡುವಾಗ ಮಾತ್ರ ಏರಿಸಿಕೊಳ್ಳಿ.

ನಿಮ್ಮ ಈಗಿನ 24 ಟೇಕ್‌ಗಳಿಗೆ ಹೀಗೆ ಮಾಡಿ. ಮೊದಲು ಪೂರ್ತಿ ಹಾಡನ್ನು ಒಂದೊಂದಾಗಿ ಕೇಳಬೇಡಿ, ಐದನೆಯದಕ್ಕೆ ಬರುವಷ್ಟರಲ್ಲಿ ಕಿವಿ ದಣಿಯುತ್ತದೆ. ಒಂದು ಸಾಲನ್ನು ಮಾತ್ರ ಲೂಪಿನಲ್ಲಿಟ್ಟು 24ನ್ನೂ ಅಡ್ಡಕ್ಕೆ ಕೇಳಿ, ಬೇಡದ್ದನ್ನು ಮೊದಲು ತೆಗೆಯಿರಿ. ಮೂರಕ್ಕೆ ಇಳಿಸಿ. ನಂತರ ಮುಂದಿನ ಸಾಲು. ಕೇಳುವ ಮುಂಚೆ ಟೇಕ್‌ಗಳ ಮಟ್ಟ ಒಂದೇ ಇದೆಯೇ ನೋಡಿಕೊಳ್ಳಿ. ಒಂದು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಜೋರಾಗಿರುವ ಟೇಕ್ ಕಿವಿಗೆ ‘ಒಳ್ಳೆಯದು’ ಎಂದೇ ಕೇಳುತ್ತದೆ. ಪರದೆಯತ್ತ ನೋಡದೆ ಕೇಳಿದರೆ ತೀರ್ಪು ಇನ್ನೂ ಚೆನ್ನಾಗಿರುತ್ತದೆ.

ಆರಿಸುವಾಗ ಭಾವ ಮೊದಲು, ಲಯ ಎರಡನೆಯದು, ಶ್ರುತಿ ಮೂರನೆಯದು. ಸ್ವಲ್ಪ ಜಾರಿದ ಶ್ರುತಿಯನ್ನು ಸಾಫ್ಟ್‌ವೇರ್ ಎತ್ತಿ ಕೂರಿಸುತ್ತದೆ, ಸರಿದ ಪದವನ್ನೂ ಹಿಂದೆಮುಂದೆ ಮಾಡಬಹುದು. ಮನಸ್ಸಿಲ್ಲದೆ ಹಾಡಿದ ಸಾಲಿಗೆ ಮಾತ್ರ ಯಾವ ಪ್ಲಗಿನ್ನೂ ಇಲ್ಲ.

ಪ್ರಶ್ನೆ: ಮೂರು ಟೇಕ್‌ಗಳಿಂದ ಸಾಲುಗಳನ್ನು ಆರಿಸಿ ಜೋಡಿಸಿದ್ದೇನೆ. ಜೋಡಿಸಿದ ಕಡೆಯಲ್ಲೆಲ್ಲ ಟಕ್ ಎಂಬ ಸದ್ದು, ಅಥವಾ ದನಿ ಜಿಗಿದಂತೆ ಕೇಳುತ್ತದೆ. ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತ ಇನ್ನೊಂದು ಏರುವ ಬೆಸುಗೆ) ಉದ್ದ ಮಾಡಿದರೆ ಇಬ್ಬರು ಹಾಡಿದಂತಿದೆ.

ಉತ್ತರ: ಎರಡು ಬೇರೆ ಬೇರೆ ತೊಂದರೆಗಳು ಇಲ್ಲಿ ಒಟ್ಟಿಗೆ ಬಂದಿವೆ. ಟಕ್ ಎನ್ನುವುದು ಅಲೆಯ ಎರಡು ತುದಿಗಳು ಬೇರೆ ಎತ್ತರದಲ್ಲಿ ಮುರಿದು ಸೇರಿದ್ದರಿಂದ ಬರುವ ಸದ್ದು. ಅದಕ್ಕೆ 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಸಾಕು. ದನಿ ಜಿಗಿಯುವುದು ಕತ್ತರಿಸಿದ ಜಾಗ ತಪ್ಪಿದ್ದರಿಂದ, ಅದನ್ನು ಯಾವ ಕ್ರಾಸ್‌ಫೇಡೂ ಮುಚ್ಚುವುದಿಲ್ಲ. ಹಾಡುವಾಗ ಬಾಯಿ ತಾನೇ ದನಿಯನ್ನು ನಿಲ್ಲಿಸುವ ಜಾಗಗಳಿವೆ, ಕತ್ತರಿ ಬೀಳಬೇಕಾದದ್ದು ಅಲ್ಲಿ.

ಒಂದು ಸಾಲನ್ನೇ ತೆಗೆದುಕೊಳ್ಳೋಣ: ‘ಮಳೆ ನಿಂತ ಮೇಲೆ ಕಾದೆ ಕಿಟಕಿಯಲ್ಲಿ’. ಇದನ್ನು ಅಲೆಯ ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ. ‘ಮೇಲೆ’ ಮುಗಿದು ‘ಕಾದೆ’ ಶುರುವಾಗುವ ಮುನ್ನ ಒಂದು ಸಣ್ಣ ಬಯಲು ಕಾಣುತ್ತದೆ. ಕಕಾರ ಹೇಳಲು ನಾಲಿಗೆಯ ಬುಡ ಗಾಳಿಯನ್ನು ತಡೆದ ಕ್ಷಣ ಅದು. ಪಕಾರ, ತಕಾರ, ಟಕಾರ, ಚಕಾರಗಳ ಮುಂದೆಯೂ ಇಂಥ ಬಯಲಿರುತ್ತದೆ. ಅಲ್ಲಿ ಕತ್ತರಿಸಿ, ಸ್ಫೋಟವನ್ನು ಮುಂದಿನ ಟೇಕಿಗೆ ಬಿಟ್ಟರೆ ಎಂಥ ಕಿವಿಗೂ ಬೆಸುಗೆ ಸಿಗುವುದಿಲ್ಲ. ‘ಕಿಟಕಿ’ಯಲ್ಲಿ ಇಂಥ ಜಾಗ ಮೂರಿವೆ. ‘ಹತ್ತಿ’, ‘ಕಟ್ಟಿ’ ಎಂಬಂಥ ಒತ್ತಕ್ಷರಗಳಲ್ಲಿ ಈ ಮೌನ ಇನ್ನೂ ಉದ್ದ, ಪದದ ನಡುವೆಯೇ ಧೈರ್ಯವಾಗಿ ಕತ್ತರಿಸಬಹುದು. ಅದೇ ‘ಮಳೆ ನಿಂತ’ ಎಂಬಲ್ಲಿ ಎಕಾರದಿಂದ ನಕಾರಕ್ಕೆ ದನಿ ಎಲ್ಲೂ ನಿಲ್ಲದೆ ಹರಿಯುತ್ತದೆ. ‘ಯಲ್ಲಿ’ಯಲ್ಲೂ ಅಷ್ಟೆ. ಯ, ರ, ಲ, ವ, ಮ, ನ ಇವುಗಳ ಪಕ್ಕ ಕತ್ತರಿ ಇಡುವುದು ಅಪಾಯ. ಗ, ಡ, ದ, ಬ ನಡುವಿನ ದರ್ಜೆಯವು: ಬಾಯಿ ಮುಚ್ಚಿದ್ದರೂ ಗಂಟಲು ಮೆಲ್ಲಗೆ ಗುನುಗುತ್ತಿರುತ್ತದೆ, ಹಾಗಾಗಿ ಕ್ರಾಸ್‌ಫೇಡ್ ಬೇಕೇಬೇಕು. ಸ, ಶ, ಷ ಬಂದರೆ ಸಂತೋಷ ಪಡಿ. ಅವು ಬರೀ ಗಾಳಿಯ ಸದ್ದು, ಸಕಾರದ ಹೊಟ್ಟೆಯಲ್ಲೇ ಕತ್ತರಿಸಿ 10ರಿಂದ 20 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಟ್ಟರೆ ಗೊತ್ತೇ ಆಗುವುದಿಲ್ಲ.

ದೀರ್ಘ ಸ್ವರದ ನಡುವೆಯೇ ಸೇರಿಸಬೇಕಾದ ಅನಿವಾರ್ಯತೆ ಬಂದರೆ ಕೆಲಸ ಸೂಕ್ಷ್ಮ. ಎರಡೂ ಟೇಕಿನಲ್ಲಿ ಶ್ರುತಿ ಮತ್ತು ಸ್ವರದ ಬಣ್ಣ ಒಂದೇ ಇರಬೇಕು. ಒಂದೊಂದು ಕಂಪನವೂ ಬಿಡಿಬಿಡಿಯಾಗಿ ಕಾಣುವಷ್ಟು ಹಿಗ್ಗಿಸಿ, ಎರಡರ ಉಬ್ಬುಗಳು ಒಂದರ ಮೇಲೊಂದು ಕೂರುವಂತೆ ಹೊಸ ತುಂಡನ್ನು ಕೆಲವೇ ಮಿಲಿಸೆಕೆಂಡ್ ಸರಿಸಿ. 220 ಹರ್ಟ್ಸ್ ಸ್ವರದಲ್ಲಿ ಒಂದು ಕಂಪನಕ್ಕೆ ಸುಮಾರು 4.5 ಮಿಲಿಸೆಕೆಂಡ್. ಎರಡು ಮೂರು ಕಂಪನಗಳಷ್ಟು, ಅಂದರೆ 10 ಮಿಲಿಸೆಕೆಂಡಿನ ಆಸುಪಾಸು ಕ್ರಾಸ್‌ಫೇಡ್ ಇರಲಿ. ಇಬ್ಬರು ಹಾಡಿದಂತೆ ನಿಮಗೆ ಕೇಳಿದ್ದು ಕ್ರಾಸ್‌ಫೇಡ್ ಇದಕ್ಕಿಂತ ಬಹಳ ಉದ್ದವಾಗಿ, ಅಷ್ಟು ಹೊತ್ತು ಎರಡೂ ಟೇಕ್ ಒಟ್ಟಿಗೆ ಕೇಳಿಸಿದ್ದರಿಂದ. ಗಮಕ ಅಥವಾ ಕಂಪಿತ ಇರುವ ಸ್ವರದ ಒಳಗೆ ಮಾತ್ರ ಪ್ರಯತ್ನಿಸಲೇಬೇಡಿ, ಆ ಪದವನ್ನು ಇಡಿಯಾಗಿ ಒಂದೇ ಟೇಕಿನಿಂದ ತನ್ನಿ.

ಕ್ರಾಸ್‌ಫೇಡಿನ ಆಕಾರವೂ ಮುಖ್ಯ. ಬೇರೆ ಬೇರೆ ಟೇಕ್‌ಗಳ ನಡುವೆ ನೇರ ಗೆರೆಯ ಕ್ರಾಸ್‌ಫೇಡ್ ಹಾಕಿದರೆ ನಟ್ಟನಡುವೆ ದನಿ ಸುಮಾರು 3 ಡಿಬಿ ಕುಸಿಯುತ್ತದೆ, ಅಲ್ಲಿ ‘ಈಕ್ವಲ್ ಪವರ್’ ಎಂಬ ಉಬ್ಬು ಗೆರೆ ಬೇಕು. ಮೇಲೆ ಹೇಳಿದಂತೆ ಕಂಪನಗಳನ್ನು ಹೊಂದಿಸಿದ ಕಡೆ ಮಾತ್ರ ನೇರ ಗೆರೆಯೇ ಸರಿ. ಆಡಾಸಿಟಿ ಬಳಸುವವರು ಎರಡು ಟ್ರ್ಯಾಕ್‌ಗಳನ್ನು ಸ್ವಲ್ಪವೇ ಮೇಲುಕೆಳಗಾಗಿ ಅತಿಕ್ರಮಿಸುವಂತಿಟ್ಟು, ಮುಗಿಯುವ ಟೇಕ್ ಮೇಲೆ, ಶುರುವಾಗುವುದು ಕೆಳಗೆ, ಅತಿಕ್ರಮಿಸಿದ ಭಾಗವನ್ನು ಎರಡರಲ್ಲೂ ಆರಿಸಿ ‘ಕ್ರಾಸ್‌ಫೇಡ್ ಟ್ರ್ಯಾಕ್ಸ್’ ಎಫೆಕ್ಟ್ ಕೊಡಬೇಕು.

ಉಸಿರಿನ ವಿಷಯ ಹೆಚ್ಚಿನವರು ತಪ್ಪುವ ಕಡೆ. ಉಸಿರು ಅದರ ಮುಂದಿನ ಸಾಲಿನ ಸ್ವತ್ತು. ಮೂರನೇ ಟೇಕಿನ ಸಾಲು ತೆಗೆದುಕೊಂಡರೆ ಅದರ ಮುಂಚಿನ ಉಸಿರನ್ನೂ ಅಲ್ಲಿಂದಲೇ ತನ್ನಿ. ಕತ್ತರಿ ಬೀಳಬೇಕಾದದ್ದು ಹಿಂದಿನ ಸಾಲಿನ ಕೊನೆಯ ಸ್ವರ ಪೂರ್ತಿ ಆರಿದ ಮೇಲೆ, ಉಸಿರು ಶುರುವಾಗುವ ಮುನ್ನ. ಹೀಗೆ ಮಾಡದಿದ್ದರೆ ಎರಡು ಉಸಿರು ಒಂದರ ಹಿಂದೊಂದು ಬರುತ್ತವೆ, ಇಲ್ಲವೇ ದೊಡ್ಡ ಸಾಲೊಂದು ಉಸಿರೇ ಇಲ್ಲದೆ ಹೊರಟು ಕೇಳುಗರಿಗೆ ಕಾರಣ ತಿಳಿಯದ ಕಸಿವಿಸಿಯಾಗುತ್ತದೆ. ಉಸಿರುಗಳನ್ನೆಲ್ಲ ಅಳಿಸಿ ಬರೀ ಮೌನ ಬಿಡುವುದು ಇನ್ನೂ ಕೆಟ್ಟದ್ದು. ಜೋರೆನಿಸಿದರೆ 6 ಡಿಬಿಯಷ್ಟು ಇಳಿಸಿ, ಅಷ್ಟೇ.

ಕೊನೆಗೆ ಕ್ರಮದ ಮಾತು. ಒಂದು ಟೇಕನ್ನು ತಾಯಿಯಾಗಿ ಇಟ್ಟುಕೊಳ್ಳಿ, ಅರ್ಧಕ್ಕಿಂತ ಹೆಚ್ಚು ಸಾಲುಗಳು ಅದರದೇ ಇರಲಿ, ಉಳಿದವು ತೇಪೆಗಳಾಗಲಿ. ಇಡೀ ಸಾಲು ಸಿಗುವಾಗ ಪದಕ್ಕೆ ಇಳಿಯಬೇಡಿ, ಪದ ಸಿಗುವಾಗ ಅಕ್ಷರಕ್ಕೆ ಇಳಿಯಬೇಡಿ. ಅಕ್ಷರ ಅಕ್ಷರ ಆರಿಸಿ ಕಟ್ಟಿದ ಹಾಡಿನಲ್ಲಿ ತಪ್ಪೂ ಇರುವುದಿಲ್ಲ, ಹಾಡುವವರೂ ಇರುವುದಿಲ್ಲ. ಜೋಡಣೆಯನ್ನು ಮೊದಲು ದನಿ ಮಾತ್ರ ಸೋಲೊ ಮಾಡಿ, ಆಮೇಲೆ ವಾದ್ಯಗಳ ಜೊತೆ ಕೇಳಿ. ಸೋಲೊದಲ್ಲಿ ಕಿರಿಕಿರಿ ಮಾಡುವ ಕೆಲವು ಬೆಸುಗೆಗಳು ವಾದ್ಯಗಳ ಜೊತೆ ಮಾಯವಾಗುತ್ತವೆ. ಆದರೆ ಕಂಪ್ರೆಸರ್ (ಜೋರು-ಮೆತ್ತಗಿನ ಅಂತರ ಕಡಿಮೆ ಮಾಡುವ ಸಾಧನ) ಹಾಕಿಯೂ ಒಮ್ಮೆ ಕೇಳಲೇಬೇಕು, ಮೆಲ್ಲಗಿದ್ದ ಟಕ್ ಸದ್ದುಗಳನ್ನು ಅದು ಎತ್ತಿ ತೋರಿಸುತ್ತದೆ.

ಪ್ರಶ್ನೆ: ಹಾಡುವಾಗ ತಾಳಕ್ಕೆ ಸರಿಯಾಗಿರುತ್ತದೆ, ಮತ್ತೆ ಕೇಳಿದರೆ ಎಲ್ಲ ಟೇಕ್‌ಗಳೂ ತಡವಾಗಿವೆ. ಕೈಯಿಂದ ಒಂದೊಂದನ್ನೇ ಎಳೆದು ಸರಿ ಮಾಡುತ್ತಿದ್ದೇನೆ.

ಉತ್ತರ: ಎಳೆಯುವುದನ್ನು ನಿಲ್ಲಿಸಿ ಮೊದಲು ಅಳೆಯಿರಿ. ಎಲ್ಲ ಟೇಕ್‌ಗಳೂ ಒಂದೇ ಅಳತೆಯಲ್ಲಿ ತಡವಾಗಿದ್ದರೆ ತಪ್ಪು ಯಂತ್ರದ್ದು. ಒಂದು 10, ಇನ್ನೊಂದು 40 ಮಿಲಿಸೆಕೆಂಡ್ ಎಂದು ಬೇರೆ ಬೇರೆಯಾಗಿದ್ದರೆ ತಪ್ಪು ಹಾಡಿದವರದ್ದು. ಹಾಡಿನ ಶುರುವಿನಲ್ಲಿ ಸರಿಯಿದ್ದು ಕೊನೆಗೆ ಬರುತ್ತ ತಡ ಬೆಳೆಯುತ್ತಿದ್ದರೆ ಮೂರನೆಯ ಕಾರಣ: ಯುಎಸ್‌ಬಿ ಮೈಕಿನಿಂದ ರೆಕಾರ್ಡ್ ಮಾಡುತ್ತ ಕಂಪ್ಯೂಟರಿನ ಬೇರೆ ಸೌಂಡ್ ಕಾರ್ಡಿನಿಂದ ಕೇಳುತ್ತಿದ್ದೀರಿ, ಎರಡರ ಗಡಿಯಾರಗಳು ಕೂದಲೆಳೆಯಷ್ಟು ಬೇರೆ. ಹೆಡ್‌ಫೋನನ್ನು ಮೈಕ್ ಅಥವಾ ಇಂಟರ್‌ಫೇಸಿಗೇ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸಿಕ್ಕಿಸಿ, ಆ ಒಂದೇ ಸಾಧನವನ್ನು ಇನ್‌ಪುಟ್ ಔಟ್‌ಪುಟ್ ಎರಡಕ್ಕೂ ಆರಿಸಿ.

ಅಳೆಯಲು ಮೆಟ್ರೊನೋಮಿನ ಟಿಕ್ ಟಿಕ್ ಒಂದು ಟ್ರ್ಯಾಕಿನಲ್ಲಿ ಹಾಕಿ. ಹೆಡ್‌ಫೋನಿನ ಬಟ್ಟಲನ್ನು ಮೈಕಿಗೆ ಅಂಟಿಸಿ ಹಿಡಿದು ಇನ್ನೊಂದು ಟ್ರ್ಯಾಕಿಗೆ ಅದನ್ನು ರೆಕಾರ್ಡ್ ಮಾಡಿ. ಮೂಲ ಟಿಕ್ಕಿಗೂ ರೆಕಾರ್ಡ್ ಆದದ್ದಕ್ಕೂ ಎಷ್ಟು ಅಂತರವಿದೆಯೋ ಅದೇ ನಿಮ್ಮ ತಡ. ಆಡಾಸಿಟಿಯಲ್ಲಿ ಈ ತಡವನ್ನು (ಲೇಟೆನ್ಸಿ) ಸರಿದೂಗಿಸುವ ಅಂಕಿ ಮೊದಲಿಗೆ -130 ಮಿಲಿಸೆಕೆಂಡ್ ಇರುತ್ತದೆ. ನಿಮಗೆ ಇನ್ನೂ 45 ತಡ ಕಂಡರೆ ಅದನ್ನು -175 ಮಾಡಿ. ಟೇಕ್ ಮೊದಲೇ ಬರುತ್ತಿದ್ದರೆ ಅಂಕಿಯನ್ನು ಸೊನ್ನೆಯತ್ತ ತನ್ನಿ. ರೀಪರ್‌ನಲ್ಲಿ ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಡ್ರೈವರ್ ಹೇಳಿದ ಲೇಟೆನ್ಸಿ ಬಳಸುವ ಆಯ್ಕೆ ಇದೆ, ಅದು ಸಾಲದಿದ್ದರೆ ಪಕ್ಕದಲ್ಲೇ ಕೈಯಿಂದ ಅಂಕಿ ಕೊಡುವ ಜಾಗವೂ ಇದೆ. ಬದಲಿಸಿದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಿ. ಈಗಾಗಲೇ ಇರುವ ಟೇಕ್‌ಗಳನ್ನು ಎಲ್ಲವನ್ನೂ ಒಟ್ಟಿಗೆ ಆರಿಸಿ, ಅಳೆದ ಅಷ್ಟೇ ಪ್ರಮಾಣ ಎಡಕ್ಕೆ ಸರಿಸಿದರೆ ಮುಗಿಯಿತು.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿದ್ದರೆ ಮೇಲಿನದೆಲ್ಲ ವ್ಯರ್ಥ. ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಹೆಚ್ಚು, ಸಾಫ್ಟ್‌ವೇರಿಗೆ ಅದರ ಸರಿಯಾದ ಲೆಕ್ಕವೂ ಸಿಗುವುದಿಲ್ಲ. ತಂತಿಯದ್ದೇ ಬೇಕು. ಹಾಡುವಾಗ ನಿಮ್ಮ ದನಿ ಹಿಂದೆ ಬಿದ್ದು ಕೇಳುವುದು ಬೇರೆ ಸಮಸ್ಯೆ: ಅದು ಬಫರಿನದ್ದು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ದನಿಯ ತುಂಡಿನದ್ದು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಎಂದರೆ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್, 128 ಎಂದರೆ 3ಕ್ಕಿಂತ ಕಡಿಮೆ. ಇಂಟರ್‌ಫೇಸಿನಲ್ಲಿ ದನಿಯನ್ನು ಕಂಪ್ಯೂಟರಿಗೆ ಹೋಗದೆ ನೇರ ಕೇಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದನ್ನು ಒತ್ತಿ, ಸಾಫ್ಟ್‌ವೇರಿನಲ್ಲಿ ಮಾನಿಟರ್ ಆಫ್ ಮಾಡಿಬಿಡಿ.

ಪ್ರಶ್ನೆ: ನಿನ್ನೆ ಹಾಡಿದ ಟೇಕಿಗೂ ಇಂದಿನದಕ್ಕೂ ಹೊಂದುವುದಿಲ್ಲ. ಈಕ್ಯೂ (ಕೆಳ-ಮೇಲು ಸ್ವರಗಳ ಮಟ್ಟ ಹೊಂದಿಸುವ ಸಾಧನ) ಎಷ್ಟು ತಿರುವಿದರೂ ಸರಿಹೋಗುತ್ತಿಲ್ಲ.

ಉತ್ತರ: ಬಹುಪಾಲು ಇದು ದೂರದ ಪ್ರಶ್ನೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರ ಬಂದಷ್ಟೂ ಕೆಳಸ್ವರಗಳು ಉಬ್ಬುತ್ತವೆ, ದೂರ ಸರಿದಷ್ಟೂ ಕೋಣೆಯ ಗುಂಯ್‌ಗುಡುವಿಕೆ ಸೇರುತ್ತದೆ. ಉಬ್ಬನ್ನು ಈಕ್ಯೂನಿಂದ ಇಳಿಸಬಹುದು, ಸೇರಿಕೊಂಡ ಕೋಣೆಯನ್ನು ತೆಗೆಯಲಾಗದು. ಪಾಪ್ ಫಿಲ್ಟರನ್ನು (ಬಾಯಿಯ ಗಾಳಿ ತಡೆಯುವ ಜಾಲರಿ) ಮೈಕಿನಿಂದ ಅಳತೆ ಮಾಡಿ ಒಂದು ಜಾಗದಲ್ಲಿ ಬಿಗಿಯಿರಿ, ತುಟಿಯಿಂದ ಮೈಕಿಗೆ 15ರಿಂದ 20 ಸೆಂಟಿಮೀಟರ್ ಇರಲಿ. ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಮೈಕಿನ ಎತ್ತರ, ಕೋನ, ಗೇನ್ ಗುಂಡಿಯ ಮುಳ್ಳು, ಕಿಟಕಿಯ ಪರದೆ ಮುಚ್ಚಿತ್ತೇ ತೆರೆದಿತ್ತೇ ಎಂಬುದರ ಫೋಟೊ ತೆಗೆದು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇಡಿ. ಜೋರಾಗಿ ಹಾಡುವ ಸಾಲಿನ ತುದಿ -10 ಡಿಬಿ ದಾಟದಂತೆ ಗೇನ್ ಇಟ್ಟರೆ 24 ಬಿಟ್‌ನಲ್ಲಿ ಸಾಕಷ್ಟು ಜಾಗ ಉಳಿಯುತ್ತದೆ, ಟೇಕ್ ನಡುವೆ ಗುಂಡಿ ಮುಟ್ಟುವ ಪ್ರಸಂಗ ಬರುವುದಿಲ್ಲ.

ಇಷ್ಟಾದರೂ ದನಿಯೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ಬೆಳಗಿನ ದನಿ ಭಾರ, ಸಂಜೆಯದು ತೆಳು. ಹಾಗಾಗಿ ಒಂದು ಹಾಡಿನ ತೇಪೆಗಳನ್ನು ಹಾಡಿದ ದಿನವೇ ಮುಗಿಸುವುದು ಒಳ್ಳೆಯದು. ಆಗದಿದ್ದರೆ ತೇಪೆ ಹಾಕುವ ಬದಲು ಆ ಇಡೀ ಚರಣವನ್ನೇ ಇಂದು ಹಾಡಿ. ಚರಣದಿಂದ ಚರಣಕ್ಕೆ ಬಣ್ಣ ಬದಲಾದರೆ ಕಿವಿ ಒಪ್ಪುತ್ತದೆ, ಸಾಲಿನ ನಡುವೆ ಬದಲಾದರೆ ಒಪ್ಪುವುದಿಲ್ಲ. ಪ್ರತಿ ಸಲವೂ ಹಾಡುವ ಮುನ್ನ ಹದಿನೈದು ಸೆಕೆಂಡ್ ಸುಮ್ಮನೆ ನಿಂತು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಿ. ತುಂಡುಗಳ ನಡುವಿನ ಖಾಲಿ ಜಾಗ ತುಂಬಲು ಅದು ಬೇಕಾಗುತ್ತದೆ.

ಪ್ರಶ್ನೆ: ಜೋಡಣೆ ಮುಗಿದ ಮೇಲೆ ಉಳಿದ ಟೇಕ್‌ಗಳನ್ನು ಅಳಿಸಬಹುದೇ? ಡಿಸ್ಕ್ ತುಂಬುತ್ತಿದೆ.

ಉತ್ತರ: ಲೆಕ್ಕ ಹಾಕಿದರೆ ಭಯ ಕಡಿಮೆಯಾಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ಎಂದರೆ ನಿಮಿಷಕ್ಕೆ 8.64 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಹತ್ತು ಟೇಕ್ ಎಂದರೂ 350 ಎಂಬಿ ದಾಟುವುದಿಲ್ಲ. ಡಿಸ್ಕ್ ಬೇಗ ತುಂಬುತ್ತಿದ್ದರೆ ಒಂದು ಮೈಕಿನ ದನಿಯನ್ನು ಸ್ಟೀರಿಯೊ ಆಗಿ ರೆಕಾರ್ಡ್ ಮಾಡುತ್ತಿದ್ದೀರಾ ನೋಡಿ, ಸುಮ್ಮನೆ ದುಪ್ಪಟ್ಟು ಜಾಗ ಅದು.

ಮಿಶ್ರಣ ಮುಗಿದು ಹಾಡು ಹೊರಬರುವವರೆಗೆ ಏನನ್ನೂ ಅಳಿಸಬೇಡಿ. ಲಾಜಿಕ್‌ನ ‘ಫ್ಲಾಟನ್’, ರೀಪರ್‌ನ ‘ಕ್ರಾಪ್ ಟು ಆ್ಯಕ್ಟಿವ್ ಟೇಕ್’ (ಇವು ಆರಿಸದ ಟೇಕ್‌ಗಳನ್ನು ತೆಗೆದುಬಿಡುತ್ತವೆ) ಒತ್ತುವ ಮುನ್ನ ಟ್ರ್ಯಾಕಿನ ಒಂದು ನಕಲು ಮಾಡಿ, ಮ್ಯೂಟ್ ಮಾಡಿ, ಬಚ್ಚಿಡಿ. ರೀಪರ್‌ನ ಫೈಲ್ ಮೆನುವಿನಲ್ಲಿ ಪ್ರಾಜೆಕ್ಟ್ ಫೋಲ್ಡರನ್ನು ಗುಡಿಸುವ ಆಯ್ಕೆ ಇದೆ. ಈಗ ತೆರೆದಿರುವ ಪ್ರಾಜೆಕ್ಟ್ ಬಳಸದ ಫೈಲುಗಳನ್ನು ಅದು ತೋರಿಸುತ್ತದೆ, ಆದರೆ ಅದೇ ಫೋಲ್ಡರಿನಲ್ಲಿ ಇನ್ನೊಂದು ಪ್ರಾಜೆಕ್ಟ್ ಇದ್ದರೆ ಅದರ ದನಿಗಳೂ ‘ಬಳಸದವು’ ಎಂದೇ ಪಟ್ಟಿಗೆ ಸೇರಬಹುದು. ಒಂದು ಹಾಡಿಗೆ ಒಂದು ಫೋಲ್ಡರ್ ಎಂಬ ನಿಯಮ ಇಟ್ಟುಕೊಂಡರೆ ಈ ಅಪಾಯವಿಲ್ಲ.

ಪ್ರಶ್ನೆ: ಶ್ರುತಿ ಸರಿಪಡಿಸುವುದು ಜೋಡಣೆಗೆ ಮೊದಲೋ ಆಮೇಲೋ?

ಉತ್ತರ: ಆಮೇಲೆ. ಬಳಸದ ಸಾಲುಗಳನ್ನು ತಿದ್ದಿ ಸಮಯ ಕಳೆಯುವುದೇಕೆ? ಜೋಡಣೆಯನ್ನು ಒಂದೇ ಫೈಲ್ ಆಗಿ ಬೆಸೆದು, ಬಿಡಿ ತುಂಡುಗಳ ನಕಲನ್ನು ಪಕ್ಕಕ್ಕಿಟ್ಟು, ಬೆಸೆದದ್ದರ ಮೇಲೆ ತಿದ್ದಿ.

ಪ್ರಶ್ನೆ: ಉಳಿದ ಟೇಕ್‌ಗಳಿಂದ ಪಲ್ಲವಿಯ ದನಿಯನ್ನು ದಪ್ಪ ಮಾಡಬಹುದೇ? ಮುಖ್ಯ ಟ್ರ್ಯಾಕನ್ನೇ ನಕಲು ಮಾಡಿ ಹಾಕಿದೆ, ಜೋರಾಯಿತೇ ಹೊರತು ದಪ್ಪವಾಗಲಿಲ್ಲ.

ಉತ್ತರ: ಅದೇ ಅಲೆಯನ್ನು ಅದರ ಮೇಲೇ ಇಟ್ಟರೆ 6 ಡಿಬಿ ಜೋರಾಗುತ್ತದೆ, ಅಷ್ಟೇ. ದಪ್ಪ ಬರುವುದು ಎರಡು ಹಾಡಿಕೆಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸದಿಂದ, ಹಾಗಾಗಿ ಉಳಿದ ಟೇಕ್‌ಗಳು ಇಲ್ಲಿ ಚಿನ್ನ. ಮುಖ್ಯ ದನಿ ನಡುವೆ, ಇನ್ನೆರಡು ಟೇಕ್ ಎಡಕ್ಕೊಂದು ಬಲಕ್ಕೊಂದು, ಮುಖ್ಯಕ್ಕಿಂತ 8ರಿಂದ 12 ಡಿಬಿ ಕೆಳಗೆ. ಇವುಗಳ ಉಸಿರು ಪೂರ್ತಿ ತೆಗೆಯಿರಿ. ಪದದ ಶುರುವಿನ ಮತ್ತು ಕೊನೆಯ ಸ, ಶ, ಟ, ಕಗಳನ್ನು ಫೇಡ್ ಮಾಡಿ ಮೆತ್ತಗಾಗಿಸಿ, ಅವನ್ನು ಮುಖ್ಯ ದನಿ ಒಂದೇ ಹೇಳಲಿ. ಇಲ್ಲದಿದ್ದರೆ ‘ಸ’ ಮೂರು ಸಲ ಉದುರಿದಂತೆ ಕೇಳುತ್ತದೆ. ಸಾಲಿನ ಕೊನೆಯ ದೀರ್ಘ ಸ್ವರ ಮೂರೂ ಟ್ರ್ಯಾಕಿನಲ್ಲಿ ಒಟ್ಟಿಗೇ ನಿಲ್ಲುವಂತೆ ಕತ್ತರಿಸಿ. ಪದಗಳು ಮುಖ್ಯಕ್ಕಿಂತ 30 ಮಿಲಿಸೆಕೆಂಡಿಗಿಂತ ಹೆಚ್ಚು ಸರಿದಿದ್ದರೆ ಹತ್ತಿರ ತನ್ನಿ, ಅದಕ್ಕಿಂತ ಕಡಿಮೆ ಇದ್ದದ್ದನ್ನು ಹಾಗೇ ಬಿಡಿ. ಚರಣಕ್ಕೆ ಇದನ್ನು ಹಚ್ಚದೆ ಪಲ್ಲವಿಯಲ್ಲಿ ಮಾತ್ರ ಬಳಸಿದರೆ ಪಲ್ಲವಿ ಬಂದಾಗ ಹಾಡು ತಾನೇ ಅಗಲವಾಗುತ್ತದೆ.